ರಾಯಚೂರು ಮಾತ್ರ

ನನ್ನ ಬಾಯಿ ಜೋರು ಎಂಬುದು ದೇವದುರ್ಗದಲ್ಲಿ ಎಲ್ಲರಿಗೂ ಗೊತ್ತು. ಕೈಬರಹ ಚೆಂದ ಎಂಬುದು ಕೆಲವರಿಗಷ್ಟೇ ಗೊತ್ತು. ಬಾಯಿಂದ ಯಾರಿಗೂ ಅಂಥ ಕೇಡಾಗಿಲ್ಲ; ಬೈಸಿಕೊಂಡವರು ತಿರುಗಿ ಬೈದು ಸುಮ್ಮನಾಗುತ್ತಾರೆ. ಕೇಡಾದದ್ದು ಕೈಬರಹದಿಂದ. ಒಂದು ವಿಳಾಸ ಬರೆದೆ, ನಾಲ್ಕೇ ಸಾಲು. ಮೂವತ್ತು ವರ್ಷಕ್ಕೂ ಮೇಲೆ ಕಾಯ್ದ ಒಬ್ಬ ತಾಯಿಗೆ ಆ ನಾಲ್ಕು ಸಾಲಿನಿಂದ ಮಗಳು ಸಿಕ್ಕೂ ಸಿಗದಂತಾಯಿತು. ಅವಳೊಬ್ಬಳ ಮುಂದೆ ಬಿಟ್ಟರೆ ಇಷ್ಟು ದಿನ ಇದನ್ನು ಯಾರ ಮುಂದೆಯೂ ಬಿಚ್ಚಿ ಹೇಳಿರಲಿಲ್ಲ.

ಆ ತಾಯಿಯನ್ನು ನಾನು ಖಾಲಾ ಎನ್ನುತ್ತಿದ್ದೆ. ಚಿಕ್ಕಮ್ಮ ಎಂದಂತೆ. ರಕ್ತಸಂಬಂಧವೇನೂ ಇಲ್ಲ. ದೇವದುರ್ಗದಲ್ಲಿ ನಮ್ಮದು ಕೂಲಿಯವರ ಕೇರಿ, ಅದಕ್ಕೆ ಬೆನ್ನು ಹಚ್ಚಿದಂತೆ ಖಾಲಾನ ಕಲ್ಲಿನ ಮನೆ, ಮುಂದೆ ಬೇವಿನ ಗಿಡ, ಒಂದು ಕಟ್ಟೆ. ಅವ್ವ ಶೇಂಗಾ ಕೀಳಲು, ಹತ್ತಿ ಬಿಡಿಸಲು ಹೋಗುವಾಗ ನನ್ನನ್ನು ಆ ಕಟ್ಟೆಯ ಮೇಲೆ ಬಿಟ್ಟು ಹೋಗುತ್ತಿದ್ದಳು. ಶಾಲೆಯಲ್ಲಿ ನಮ್ಮ ಕೇರಿಯ ಮಕ್ಕಳನ್ನು ಬೇರೆ ಸಾಲಿನಲ್ಲಿ ಕೂಡಿಸುತ್ತಿದ್ದ ಕಾಲ ಅದು. ಖಾಲಾ ತನ್ನ ಓಣಿಯ ಮಕ್ಕಳಿಗೆ ಅಲಿಫ್ ಬೇ ಹೇಳಿಕೊಡುವಾಗ ನನ್ನನ್ನೂ ಅದೇ ಚಾಪೆಯ ಮೇಲೆ ಎಳೆದುಕೊಂಡು, ಬೆರಳು ಹಿಡಿದು ತಿದ್ದಿಸಿದಳು. ಹೀಗಾಗಿ ನನಗೆ ಕನ್ನಡದ ಅಕ್ಷರಕ್ಕಿಂತ ಮೊದಲು ಉರ್ದುವಿನ ಅಕ್ಷರ ಬಂತು. ಮುಂದೆ ನಾನು ರಾಯಚೂರಿನಲ್ಲಿ ಟೀಚರ್ ಆಗಿ ಸಾವಿರ ಮಕ್ಕಳ ಕೈ ಹಿಡಿದು ತಿದ್ದಿಸಿದ್ದೇನೆ. ನನ್ನ ಕೈ ಹಿಡಿದವಳು ಅವಳು.

ಖಾಲಾನ ಮನೆಯಲ್ಲಿ ಒಂದು ರೂಢಿಯಿತ್ತು. ಅಡುಗೆಮನೆಯ ಗೂಡಿನಲ್ಲಿ ಒಂದು ಕುಂಕುಮದ ಡಬ್ಬಿ. ಅವರ ಮನೆಯಲ್ಲಿ ಯಾರೂ ಹಚ್ಚಿಕೊಳ್ಳುವವರಲ್ಲ. ಅದು ಬಂದ ಹೆಣ್ಣುಮಕ್ಕಳಿಗೆ. ಅವ್ವ ಇರಲಿ, ಮೊಸರು ಮಾರುವವಳಿರಲಿ, ಎದ್ದು ಹೊರಟರೆ "ತಡೀಬೇ, ಬರಿ ಹಣೀಲೆ ಹೋಗಬಾರದು" ಎಂದು ಖಾಲಾ ತಾನೇ ಹಚ್ಚಿ ಕಳಿಸುತ್ತಿದ್ದಳು. ಅವಳ ಅತ್ತೆಯ ಕಾಲದಿಂದ ಬಂದದ್ದಂತೆ. "ಸ್ವಂತಕ್ಕಿಲ್ಲದ್ದು ಊರಿಗೆಲ್ಲಾ ಹಚ್ತಾಳ ನೋಡು ಮುದುಕಿ" ಎಂದು ಅವ್ವ ಚೇಷ್ಟೆ ಮಾಡುವಳು, ಆದರೆ ಹಣೆ ಮುಂದೆ ಮಾಡುವಳು.

ಖಾಲಾಗೆ ಇಬ್ಬರು ಮಕ್ಕಳು. ದೊಡ್ಡವಳು ಮಗಳು. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ರಾಜ್ಯ ಹೋದಾಗ ಅವಳಿಗೆ ಆಗಷ್ಟೇ ಮದುವೆಯಾಗಿತ್ತು. ಗಂಡ ನಿಜಾಮನ ಕಚೇರಿಯೊಂದರಲ್ಲಿ ಸಣ್ಣ ನೌಕರ. ನೌಕರಿ ಹೋಯಿತು, ಊರೂರಲ್ಲಿ ಗಲಾಟೆ, ಯಾರನ್ನು ನಂಬುವುದು ಯಾರನ್ನು ಬಿಡುವುದು ಗೊತ್ತಾಗದ ದಿನಗಳು. ಅವನ ಅಣ್ಣಂದಿರು ಮುಂಬೈಯಿಂದ ಹಡಗು ಹತ್ತಿ ಕರಾಚಿಗೆ ಹೊರಟರು, ಇವನೂ ಹೊರಟ. ಗಂಡ ಹೊರಟ ಮೇಲೆ ಹೆಂಡತಿ ಹೊರಡಲೇಬೇಕಲ್ಲ! ಅವಳಿಗೆ ಹದಿನಾರೋ ಹದಿನೇಳೋ. "ಆರು ತಿಂಗಳಿಗೆ ಬರ್ತೀನಿ" ಎಂದು ಹೇಳಿ ಹೋದಳಂತೆ. ಆಗ ನಾನಿನ್ನೂ ಹುಟ್ಟಿರಲಿಲ್ಲ. ಅವಳ ತಮ್ಮನಿಗೆ ಹತ್ತು ವರ್ಷ.

ಆ ತಮ್ಮ ದೊಡ್ಡವನಾಗಿ ಮಾನ್ವಿಯ ಕಾಲುವೆ ಕಚೇರಿಯಲ್ಲಿ ಗುಮಾಸ್ತನಾದ. ಅಕ್ಕನ ಕಾಗದಗಳು ವರ್ಷಕ್ಕೆ ಎರಡೋ ಮೂರೋ ದೇವದುರ್ಗಕ್ಕೆ ಬರುತ್ತಿದ್ದವು. ಆಮೇಲೆ ಎಪ್ಪತ್ತೊಂದರ ಯುದ್ಧ ಬಂತು. ಎಲ್ಲಿಯ ಢಾಕಾ, ಎಲ್ಲಿಯ ದೇವದುರ್ಗ! ಆದರೆ ಯಾರೋ ಬಂದು ಅವನನ್ನು ಎರಡು ದಿನ ಒಂದು ಕೋಣೆಯಲ್ಲಿ ಕೂಡಿಸಿ, ಪಾಕಿಸ್ತಾನದಿಂದ ಯಾರು ಬರೀತಾರೆ, ಏನು ಬರೀತಾರೆ ಎಂದು ಕೇಳಿದರು. ಹೊಡೆಯಲಿಲ್ಲ, ಬಡಿಯಲಿಲ್ಲ. ಬರೀ ಕೇಳಿದರು. ಅವರು ಬಿಟ್ಟ ದಿನವೇ ಅವನು ದೇವದುರ್ಗಕ್ಕೆ ಬಂದು, ಟ್ರಂಕಿನಲ್ಲಿದ್ದ ಕಾಗದದ ಕಟ್ಟನ್ನು ಒಲೆಗೆ ಹಾಕಿದ. "ಅಮ್ಮಾ, ಇನ್ನ ಈ ಮನೀಗೆ ಆಕೀ ಕಾಗದ ಬರಬಾರದು. ನನಗ ಮಕ್ಕಳವ" ಎಂದ. ಖಾಲಾ ತಡೆಯಲಿಲ್ಲ. ಅದೇ ಒಲೆಯ ಮೇಲೆ ರೊಟ್ಟಿ ಬಡಿದು ಮಗನಿಗೆ ಉಣ್ಣಲು ಹಾಕಿದಳು. ಇದನ್ನು ಅವ್ವ ನನಗೆ ಹೇಳಿದಾಗ ನಾನು ಅವನನ್ನು ಹೇಡಿ ಎಂದು ಬೈದೆ. ಇಪ್ಪತ್ತೊಂದು ವರ್ಷದ ಬಾಯಿ ಅದು, ಏನನ್ನಾದರೂ ಅನ್ನುತ್ತಿತ್ತು.

ಎರಡು ದೇಶದ ನಡುವೆ ಅಂಚೆಯೇ ನಿಂತಿತು. ಕೆಲವು ವರ್ಷ ಬಿಟ್ಟು ಮತ್ತೆ ಶುರುವಾಯಿತೆಂದು ಪೇಪರಿನಲ್ಲಿ ಓದಿ, ನಾನು ಶನಿವಾರದ ಬಸ್ಸು ಹಿಡಿದು ದೇವದುರ್ಗಕ್ಕೆ ಓಡಿದೆ. ಅಷ್ಟರಲ್ಲಿ ನನಗೆ ರಾಯಚೂರಿನಲ್ಲಿ ನೌಕರಿಯಾಗಿತ್ತು, ಬಾಡಿಗೆಗೆ ಒಂದು ಕೋಣೆಯಿತ್ತು, ನನ್ನದೇ ಒಂದು ವಿಳಾಸವಿತ್ತು. ಖಾಲಾನ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ. "ಖಾಲಾ, ನಾ ಬರೀತೀನಿ. ಉತ್ತರ ನನ್ನ ಕೋಣೀಗೆ ಬರಲಿ. ಮಾನ್ವಿ ಸಾಹೇಬ್ರಿಗೆ ಗೊತ್ತೂ ಆಗಂಗಿಲ್ಲ" ಎಂದೆ.

"ನಿನ್ನ ನೌಕರಿಗೆ ಏನರ ಆತಂದ್ರ?"

"ನನ್ನ ನೌಕರಿ ಏನ್ ಮಾಡ್ತಾರ? ನಮ್ಮವ್ವ ಇನ್ನೂ ಕುಡಗೋಲು ಬಿಸಾಕಿಲ್ಲ, ಹೋಗಿ ಕೂಲಿ ಮಾಡ್ತೀನಿ" ಎಂದೆ. ಖಾಲಾ ನಕ್ಕಳು. ಮತ್ತೆ ಅತ್ತಳು. ಕಾಗದಗಳು ಸುಟ್ಟುಹೋಗಿದ್ದರೂ ಕರಾಚಿಯ ವಿಳಾಸ ಅವಳಿಗೆ ಬಾಯಿಪಾಠವಿತ್ತು, ಹೇಳಿ ಬರೆಸಿದಳು.

ಮೊದಲ ಉತ್ತರ ಬರಲು ಐದು ತಿಂಗಳು ಹಿಡಿಯಿತು. ಆಮೇಲೆ ಬರುತ್ತಲೇ ಹೋದವು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕಾಗದವನ್ನು ಬ್ಲೌಸಿನಲ್ಲಿ ಸಿಕ್ಕಿಸಿಕೊಂಡು ಬಸ್ಸು ಹತ್ತುತ್ತಿದ್ದೆ. ಹೋದಕೂಡಲೇ ಓದಲು ಖಾಲಾ ಬಿಡುತ್ತಿರಲಿಲ್ಲ. ಮೊದಲು ಕೈಕಾಲು ತೊಳಿ, ಉಣ್ಣು, ಆಮೇಲೆ ಓದು. ಬೇಗ ಓದಿದರೆ ಬೇಗ ಮುಗಿಯುತ್ತದಲ್ಲ! ಒಮ್ಮೆ ಸಾದಾ ಬಟ್ಟೆಯಲ್ಲಿ ಒಬ್ಬಾತ ನನ್ನ ಕೋಣೆಗೆ ಬಂದು, ಈ ಕಾಗದ ಯಾರದು ಎಂದು ಕೇಳಿದ. "ನನ್ನ ಗುರುವಿನ ಮಗಳದು. ಮಗಳಿಗೆ ಮೊಳಕಾಲು ನೋವಂತ, ಬರಕೋರಿ" ಎಂದೆ. ಆತ ನಿಜವಾಗಿಯೂ ಬರೆದುಕೊಂಡು ಹೋದ. ಆ ವಾರ ದೇವದುರ್ಗದಲ್ಲಿ ನಾವು ಮೂವರು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಖಾಲಾನ ಮಗಳನ್ನು ನಾನು ಕಾಗದದಲ್ಲಿ ಆಪಾ ಎಂದು ಬರೆಯುತ್ತಿದ್ದೆ, ಅಕ್ಕ ಎಂದು. ಎಂಬತ್ತರ ದಶಕ ಶುರುವಾದ ಮೇಲೆ ಆಪಾ ಬರೆದಳು: ವೀಸಾ ಕೊಡುತ್ತಿದ್ದಾರೆ, ಗಂಡನ ಬಳಗದವರು ಹೈದರಾಬಾದಿಗೆ ಹೊರಟಿದ್ದಾರೆ, ನಾನೂ ಜೊತೆಗೆ ಬರುತ್ತೇನೆ. ಅರ್ಜಿಯಲ್ಲಿ ಯಾರ ಮನೆಗೆ ಹೋಗುವುದು, ಯಾವ ಊರು ಎಂದು ಕೇಳಿದ್ದಾರೆ. ಅಮ್ಮನ ವಿಳಾಸ ಬರೆಯಲೇ, ನಿನ್ನದು ಬರೆಯಲೇ?

ನಾನು ಖಾಲಾನನ್ನು ಕೇಳಲೇ ಇಲ್ಲ. ದೇವದುರ್ಗ ಎಂದು ಬರೆದರೆ ಅಲ್ಲಿಗೆ ವಿಚಾರಣೆ ಬರುತ್ತದೆ, ಅದು ಮಾನ್ವಿಗೆ ಮುಟ್ಟುತ್ತದೆ, ಮಗ ಬಂದು ಕೂಗಾಡುತ್ತಾನೆ ಎಂದುಕೊಂಡೆ. ನನ್ನ ವಿಳಾಸವೇ ಇರಲಿ, ಬಂದವಳನ್ನು ಮರುದಿನ ಬಸ್ಸಿನಲ್ಲಿ ಕರೆದೊಯ್ದರಾಯಿತು, ಎರಡು ತಾಸಿನ ದಾರಿ. ನಿಜ ಹೇಳಬೇಕೆಂದರೆ ಒಂದಿಷ್ಟು ಜಂಬವೂ ಇತ್ತು. ಕೂಲಿಯವಳ ಮಗಳ ವಿಳಾಸಕ್ಕೆ ಬೇರೆ ದೇಶದಿಂದ ಅತಿಥಿ! ನನ್ನ ಹೆಸರು, ಮನೆ ನಂಬರು, ಓಣಿ, ರಾಯಚೂರು. ದುಂಡಗೆ ಬರೆದು ಕಳಿಸಿದೆ.

ಆಪಾ ಒಂದು ಚಳಿಗಾಲದ ಬೆಳಿಗ್ಗೆ ಹೈದರಾಬಾದಿನ ಗಾಡಿಯಿಂದ ಇಳಿದಳು. ಐವತ್ತು ಮುಟ್ಟಿದ, ನೆರೆತ ಕೂದಲಿನ, ಮೊಳಕಾಲು ನೋವಿನ ಹೆಂಗಸು. ನನ್ನನ್ನು ಕಂಡವಳೇ "ಏನಬೇ, ನೀನೇ ಏನು? ನಿಮ್ಮವ್ವ ಹಾಂಗೇ ಅದಿ ನೋಡು!" ಎಂದಳು. ನಾನು ಉರ್ದುವಿನಲ್ಲಿ ಏನೇನೋ ಜೋಡಿಸಿಕೊಂಡು ಹೋಗಿದ್ದೆ, ಎಲ್ಲ ಮರೆತುಹೋಯಿತು. ಅವಳ ಕನ್ನಡ ಅವಳು ಹೋದ ದಿನ ಹೇಗಿತ್ತೋ ಹಾಗೇ ಇತ್ತು. ಟಾಂಗಾದವನಿಗೆ "ಹಾಲಿ ಕೊಡಬೇಕೋ ಕಲ್ದಾರೋ?" ಎಂದು ಕೇಳಿದಳು, ನಿಜಾಮನ ರೂಪಾಯಿಯೋ ಇಂಗ್ಲಿಷರ ರೂಪಾಯಿಯೋ ಎಂದು. ಟಾಂಗಾದ ಮುದುಕ ಕುದುರೆ ನಿಲ್ಲಿಸಿ ಹಿಂದೆ ತಿರುಗಿ ನೋಡಿದ. "ಯವ್ವಾ, ಎಲ್ಲಿದ್ದಿ ಇಷ್ಟ ದಿನ?" ಎಂದ. ಅವಳು ನಕ್ಕಳು.

ಬಂದವರು ಪೊಲೀಸ್ ಕಚೇರಿಗೆ ಹೋಗಿ ಹಾಜರಿ ಹಾಕಬೇಕಿತ್ತು. ಅಂದೇ ಹೋದೆವು. ಕಿಟಕಿಯ ಒಳಗಿದ್ದ ಗುಮಾಸ್ತ ಪುಸ್ತಕ ತಿರುವಿ, "ಹೈದರಾಬಾದು, ರಾಯಚೂರು. ಬರೋಬ್ಬರಿ ಅದ" ಎಂದು ಮುದ್ರೆ ಒತ್ತಿದ. ನಾನು "ನಾಳೆ ದೇವದುರ್ಗಕ್ಕ ಹೋಗಿ ಬರ್ತೀವ್ರಿ, ಇವರ ತಾಯಿ ಅಲ್ಲಿದ್ದಾರ" ಎಂದೆ, ಸಂತೆಗೆ ಹೋಗಿ ಬರ್ತೀವಿ ಅನ್ನುವ ಹಾಗೆ.

"ದೇವದುರ್ಗಕ್ಕ ಹೋಗಂಗಿಲ್ರಿ. ರಾಯಚೂರು ಅಂತ ಅದ, ರಾಯಚೂರು ಮಾತ್ರ."

"ದೇವದುರ್ಗ ಪಾಕಿಸ್ತಾನದಾಗ ಅದ ಏನ್ರಿ? ಇದೇ ಜಿಲ್ಲಾದಾಗ ಅದ!"

"ಜಿಲ್ಲಾ ಅಲ್ರಿ, ಊರು. ಬರೆದ ಊರು ಬಿಟ್ಟು ಹೊರಗ ಕಾಲಿಡಂಗಿಲ್ಲ. ಕಾಲಿಟ್ರ ಅವರಿಗೂ ತ್ರಾಸು, ಕರಕೊಂಡು ಹೋದವರಿಗೂ ತ್ರಾಸು. ಅರ್ಜಿ ಬರಿಸುವಾಗ ತಾಯಿ ಊರು ಯಾಕ ಬರಿಸಲಿಲ್ಲ?"

ಆಪಾ ಒಂದೇ ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ ಆ ಮಾತನ್ನು ಅವಳು ಜನ್ಮದಲ್ಲಿ ಎತ್ತಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಊರು ಸೇರಿಸಿಕೊಡಿ ಎಂದು ಅರ್ಜಿ ಕೊಟ್ಟೆವು. ಅದು ಬೆಂಗಳೂರಿಗೆ ಹೋಗಬೇಕು, ಅಲ್ಲಿಂದ ದಿಲ್ಲಿಗೆ, ದಿಲ್ಲಿಯಿಂದ ತಿರುಗಿ ಬರಬೇಕು. ಆಪಾನ ವೀಸಾ ಒಂದು ತಿಂಗಳದ್ದು. ದೇವರು ವರ ಕೊಟ್ಟರೂ ಪೂಜಾರಿ ಕೊಡವಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಹಾಗಾದರೆ ಖಾಲಾನನ್ನೇ ರಾಯಚೂರಿಗೆ ತರೋಣವೆಂದರೆ, ಅವಳು ಆ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದಳು. ಮಗ್ಗುಲು ಬದಲಿಸಲೂ ಅವ್ವ ಬೇಕು. ಅವ್ವ ಕೂಲಿ ಬಿಟ್ಟು ಅವಳ ಮನೆಯಲ್ಲೇ ಉಳಿದಿದ್ದಳು. ಅಂಥವಳನ್ನು ಆ ಗುಂಡಿಬಿದ್ದ ದಾರಿಯಲ್ಲಿ ಅಲುಗಾಡಿಸಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಕೈ ಎತ್ತಿದರು.

ನಾನು ಹೋಗಿ ಆಪಾ ರಾಯಚೂರಿಗೆ ಬಂದಿದ್ದಾಳೆಂದು ಹೇಳಿದಾಗ ಖಾಲಾ ಹಾಸಿಗೆಯಲ್ಲೇ ಕೈ ಆಡಿಸಿ ಸೆರಗು ಸರಿ ಮಾಡಿಕೊಂಡಳು, ಮಗಳು ಬಾಗಿಲಲ್ಲೇ ನಿಂತಿದ್ದಾಳೆ ಎಂಬಂತೆ. "ಅರ್ಜಿ ಕೊಟ್ಟೀವಿ, ನಾಲ್ಕು ದಿನ ತಡಾ ಆಗ್ತದ" ಎಂದೆ. ಯಾಕೆ ತಡ ಎಂದು ಹೇಳಲಿಲ್ಲ. ಅವ್ವ ಒಳಗಿಂದ, "ಊರಿಗೆ ಬಂದಾಕಿ ನೀರಿಗೆ ಬರಲಾರದೇ ಇರ್ತಾಳೇನು? ಸುಮ್ಮ ಮಲಗು" ಎಂದಳು.

ಎರಡು ವಾರ ಕಳೆದರೂ ಅರ್ಜಿಗೆ ಉತ್ತರವಿಲ್ಲ. ನಾನು ಮಾನ್ವಿಗೆ ಹೋದೆ. ಮಗನಾದವನು ದೊಡ್ಡ ಕಚೇರಿಯಲ್ಲಿ ಯಾರನ್ನಾದರೂ ಕೇಳಬಹುದು, ಇಲ್ಲವೇ ಅಕ್ಕನನ್ನು ನೋಡಲಾದರೂ ಬರಬಹುದು ಎಂದು. ಬೈಯಲು ತಯಾರಾಗಿಯೇ ಹೋಗಿದ್ದೆ. ಅವನು ನನ್ನನ್ನು ಕಾಲುವೆಯ ದಂಡೆಗೆ ಕರೆದುಕೊಂಡು ಹೋದ. ಸುತ್ತ ಭತ್ತದ ಗದ್ದೆ, ಹತ್ತಿರ ಯಾರೂ ಇಲ್ಲ. ಆದರೂ ಮೆಲ್ಲಗೆ ಮಾತಾಡಿದ.

"ಕಾಗದ ನಿಮ್ಮ ಕೋಣೀಗೆ ಬರೋದು ನನಗ ಮೊದಲಿಂದ ಗೊತ್ತದ ಟೀಚರ್. ಅಮ್ಮನ ಮಾರಿ ನೋಡಿದ್ರ ಗೊತ್ತಾಗತಿತ್ತು, ಕಾಗದ ಬಂದ ವಾರ ಯಾವುದಂತ. ನಾ ಸುಮ್ಮಿದ್ದೆ."

"ಹಂಗಾದ್ರ ಈಗ ಬರ್ರಿ. ನಿಮ್ಮ ಅಕ್ಕ ಬಂದಾಳ್ರಿ!"

"ಆ ಎರಡು ದಿನ ಅವರು ನನಗ ಏನೂ ಮಾಡಲಿಲ್ಲ. ನೀರು ಕೊಟ್ರು, ಚಾ ಕೊಟ್ರು. ಆದ್ರ ಹೊರಗ ಬಂದ ಮ್ಯಾಲ ಕಚೇರಿಯಾಗ ಒಬ್ಬರೂ ನನ್ನ ಜೋಡಿ ಕುಂತು ಬುತ್ತಿ ಬಿಚ್ಚಲಿಲ್ಲ, ಒಂದು ವರ್ಷ. ಈಗ ಮಗಳಿಗೆ ಗಂಡು ನೋಡಾಕತ್ತೀನಿ. ಮತ್ತ ನನ್ನ ಹೆಸರು ಬರಿಸಬ್ಯಾಡ್ರಿ."

ಒಬ್ಬಳೇ ಉಣ್ಣುವುದು ಎಂದರೇನೆಂದು ನಮ್ಮ ಕೇರಿಯವಳಾದ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಜೋಡಿಸಿಕೊಂಡು ಹೋಗಿದ್ದ ಬೈಗುಳವೆಲ್ಲ ಹೊಟ್ಟೆಯಲ್ಲೇ ಉಳಿಯಿತು. ನಾನು ಬಸ್ಸು ಹತ್ತಿದ ಮೇಲೆ ಅವನು ಓಡೋಡಿ ಬಂದು ಕಿಟಕಿಯಿಂದ ಒಂದು ಪೊಟ್ಟಣ ಕೊಟ್ಟ. ಹುಣಸೆ, ಬೆಲ್ಲ, ಜೀರಿಗೆ ಕುಟ್ಟಿ ಉಂಡೆ ಮಾಡಿ ಕಡ್ಡಿಗೆ ಸಿಕ್ಕಿಸಿದ ಚಿಗಳಿ. "ಅಕ್ಕ ಮಾಡಿ ಕೊಡತಿದ್ಲು. ಈಗ ನಾ ಕುಟ್ಟೀನಿ ಅಂತ ಹೇಳ್ರಿ" ಎಂದ. ನಾನು ಬರುತ್ತೇನೆಂದು ಅವನಿಗೆ ಗೊತ್ತಿತ್ತು ಅಂದಂಗಾಯಿತು.

ಆಪಾ ಒಂದು ಚಿಗಳಿಯನ್ನು ಬಾಯಲ್ಲಿಟ್ಟುಕೊಂಡು ನನ್ನ ಕೋಣೆಯ ಗೋಡೆಗೆ ಆನಿಕೊಂಡು ಕೂತಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಜೀರಗಿ ಜಾಸ್ತಿ ಹಾಕ್ಯಾನ, ಹುಚ್ಚ" ಎಂದಳು.

ವೀಸಾ ಮುಗಿಯಲು ಐದು ದಿನ ಉಳಿದಾಗ ದೇವದುರ್ಗದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಅವ್ವ ಹೇಳಿ ಕಳಿಸಿದಳು: ಖಾಲಾ ಅನ್ನ ಬಿಟ್ಟಿದ್ದಾಳೆ, ಗಂಜಿ ಕುಡಿಯುತ್ತಾಳೆ, ಬಾಗಿಲ ಸಪ್ಪಳವಾದರೆ ಸಾಕು ಬಂದಳೇನು ಎಂದು ಕೇಳುತ್ತಾಳೆ. ಅದನ್ನು ಕೇಳಿ ಆಪಾ ಎದ್ದು ನಿಂತಳು. "ನಿನ್ನದೊಂದು ಸೀರಿ ಕೊಡು" ಎಂದಳು.

ಸಿಕ್ಕಿಬಿದ್ದರೆ ಅವಳ ಗತಿಯೇನು, ತಮ್ಮನ ಗತಿಯೇನು ಎಂದು ನಾನೇ ಹೇಳಬೇಕಾಯಿತು. ಯಾವತ್ತೂ ಯಾರಿಗೂ ಹೆದರದ ನಾನು. ಅವಳು, "ನನ್ನ ಕನ್ನಡ ಕೇಳಿ ಯಾರು ಪಾಕಿಸ್ತಾನ ಅಂತಾರ? ಹೋಗೂದು, ನೋಡೂದು, ಬರೂದು" ಎಂದಳು. ನನ್ನ ಹಸಿರು ಇಳಕಲ್ ಸೀರೆ ಉಡಿಸಿದೆ. ಹಣೆಗೆ ಟಿಕಳಿ ಅಂಟಿಸಿದೆ. ಅವಳು ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು ಸೆರಗು ಹೊದ್ದಳು.

ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ಹಣೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ರೂಢಿಯಿಲ್ಲದ ಬೆರಳು. ಗಬ್ಬೂರು ದಾಟುವಷ್ಟರಲ್ಲಿ ಟಿಕಳಿ ಎಲ್ಲೋ ಉದುರಿತ್ತು. ಆದರೆ ಅದರ ಮೇಲೆ ಇಬ್ಬರಿಗೂ ಲಕ್ಷ್ಯವಿರಲಿಲ್ಲ. ಕಿಟಕಿಯಾಚೆ ಜೋಳದ ಹೊಲ ಕಂಡಾಗೆಲ್ಲ "ಇದು ಯಾರದು, ಅದು ಯಾರದು" ಎಂದು ಕೇಳುತ್ತಿದ್ದಳು. ನನಗೇನು ಗೊತ್ತು? ಬಾಯಿಗೆ ಬಂದ ಹೆಸರು ಹೇಳಿದೆ. ಅವಳು ಹೂಂ ಹೂಂ ಎಂದಳು.

ಖಾಲಾನ ಮನೆಯ ಓಣಿಗೆ ತಿರುಗಿದರೆ ಕಟ್ಟೆಯ ಮೇಲೆ ಒಬ್ಬ ಪೊಲೀಸಪ್ಪ ಕೂತು ಚಹಾ ಕುಡಿಯುತ್ತಿದ್ದ. ನಾವು ಕೊಟ್ಟ ಅರ್ಜಿಯೇ ಸುತ್ತಿ ಬಂದು ಅವನ ಕೈಸೇರಿತ್ತು: ಇಂಥ ತಾಯಿ ಇರುವುದು ನಿಜವೇ, ವಿಚಾರಿಸಿ ಬರೆಯಿರಿ ಎಂದು. ತಿರುಗಿ ಹೋಗುವಂತಿರಲಿಲ್ಲ, ಅವನು ನೋಡಿಬಿಟ್ಟಿದ್ದ.

"ಏನ್ ಟೀಚರ್, ಆರಾಮ? ಇವರ್ಯಾರು?"

"ನಮ್ಮ ಸಾಲಿ ಟೀಚರ್ರಿ. ಹೊಸಬ್ರು. ದೇವದುರ್ಗ ನೋಡಿಲ್ಲಂದ್ರು, ಕರಕೊಂಡು ಬಂದೆ."

"ದೇವದುರ್ಗದಾಗ ಏನದ್ರಿ ನೋಡಾಕ" ಎಂದು ನಕ್ಕು, ಅವನು ಆಪಾನ ಬರಿ ಹಣೆಯ ಕಡೆ ನೋಡಿದ. ಆಗ ನನಗೆ ಟಿಕಳಿಯ ನೆನಪಾಯಿತು.

ಅವ್ವ ಬಾಗಿಲಿಗೆ ಬಂದಳು. ಒಂದು ಗಳಿಗೆ ಅವಳ ಬಾಯಿ ತೆರೆದದ್ದು ತೆರೆದೇ ಇತ್ತು. ಚಿಕ್ಕಂದಿನಲ್ಲಿ ಜೊತೆಗೆ ಹುಣಸೆಕಾಯಿ ಬಡಿದವಳನ್ನು ಅವಳು ಗುರುತಿಸದಿರುತ್ತಾಳೆಯೇ? ಆದರೆ ನಮ್ಮವ್ವ ನಮ್ಮವ್ವನೇ! "ಬರ್ರಿ ಟೀಚರಮ್ಮ, ಬಿಸಲಾಗ ಬಂದೀರಿ, ಕಾಲಿಗೆ ನೀರು ತರ್ತೀನಿ" ಎಂದಳು.

ಖಾಲಾ ಮಲಗಿದ್ದ ಹೊರಸು ಬಾಗಿಲಿಗೆ ಎದುರಾಗಿಯೇ ಇತ್ತು, ಕಟ್ಟೆಯಿಂದ ನಾಲ್ಕು ಮಾರು. ಒಳಗೆ ಆಡಿದ ಮಾತೆಲ್ಲ ಹೊರಗೆ ಕೇಳುತ್ತದೆ. ಪೊಲೀಸಪ್ಪ ಏಳುವ ಲಕ್ಷಣವಿಲ್ಲ. ನಾನು ಜೋರಾಗಿ, "ಖಾಲಾ, ನಮ್ಮ ಸಾಲಿ ಟೀಚರ್ ಬಂದಾರ" ಎಂದೆ.

"ಅಸ್ಲಾಮ್... ನಮಸ್ಕಾರ್ರಿ" ಎಂದಳು ಆಪಾ. ಅರ್ಧ ಹೊರಟ ಮಾತನ್ನು ನುಂಗಿಕೊಂಡಳು. ಪೊಲೀಸಪ್ಪ ಚಹಾ ಹೀರುವ ಸಪ್ಪಳ ನಿಂತಿತು, ಮತ್ತೆ ಶುರುವಾಯಿತು.

ಕಣ್ಣು ಕಾಣದ ಖಾಲಾ ದನಿ ಬಂದ ಕಡೆ ಮುಖ ತಿರುಗಿಸಿದಳು. ಆಮೇಲೆ, "ಕುಂಡರ್ರಿ ಟೀಚರ್. ರಾಯಚೂರಾಗ ಎಲ್ಲಾ ಆರಾಮ ಅದಾರೇನ್ರಿ? ಮನ್ಯಾಗ ಮಕ್ಕಳೆಷ್ಟು?" ಎಂದು ಕೇಳಿದಳು.

"ನಾಲ್ಕು ಮಂದಿ ರೀ."

"ಎಲ್ಲಾರಿಗೂ ಲಗ್ನ ಆಗ್ಯಾವೇನ್ರಿ?"

"ಸಣ್ಣಾಕೀದು ಒಂದು ಉಳದದರಿ."

"ಮೊಳಕಾಲು ನೋವು ಹ್ಯಾಂಗದ್ರಿ?" ಎಂದು ಕೇಳಿ ಖಾಲಾ ತಟ್ಟನೆ, "ನನಗ ಭಾಳ ಕಾಡತದ, ಅದಕ್ಕ ಎಲ್ಲಾರಿಗೂ ಕೇಳತೀನಿ" ಎಂದು ಸೇರಿಸಿದಳು. ನಾನು ಮುದುಕಿಯ ಅರಳುಮರಳು ಎಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಹಾಕ.

ತಿರುಗುವ ಬಸ್ಸಿನ ಹೊತ್ತಾಯಿತು. ಪೊಲೀಸಪ್ಪನೇ "ಬಸ್ಸು ಬಂತ್ರಿ ಟೀಚರ್" ಎಂದು ಕೂಗಿದ. ಆಪಾ ಎದ್ದಳು, ಆದರೆ ಕಾಲು ಕಿತ್ತಿಡಲಿಲ್ಲ. ಅವ್ವ ಮೆಲ್ಲಗೆ, "ಟೀಚರಮ್ಮನ ಕುಂಕುಮ ಬೆವರಿಗೆ ಅಳಿಸ್ಯಾದ ನೋಡು" ಎಂದಳು, ಖಾಲಾಗೆ. ಗೂಡಿನಿಂದ ಕುಂಕುಮದ ಡಬ್ಬಿ ತಂದು ಅವಳ ಕೈಗಿಟ್ಟಳು.

"ಬರ್ರಿ ಯವ್ವಾ. ಬರಿ ಹಣೀಲೆ ನನ್ನ ಮನಿಯಿಂದ ಹೋಗಬಾರದು" ಎಂದಳು ಖಾಲಾ.

ಆಪಾ ಹೊರಸಿನ ಪಕ್ಕ ಮೊಳಕಾಲೂರಿದಳು. ಖಾಲಾನ ಎಡಗೈ ಗಾಳಿಯಲ್ಲಿ ತಡವರಿಸಿ ಮಗಳ ಮುಖಕ್ಕೆ ತಾಗಿತು. ಗಲ್ಲ, ಕಿವಿ, ನೆರೆತ ಕೂದಲು, ಹುಬ್ಬು. ಕುಂಕುಮ ಹಚ್ಚಲು ಅಷ್ಟು ಹುಡುಕಬೇಕಿರಲಿಲ್ಲ. ಬಲಗೈಯ ಬೆರಳಿನಿಂದ ಹುಬ್ಬಿನ ನಡುವೆ ಕುಂಕುಮ ಇಟ್ಟಳು. ತನ್ನ ಮಗಳಿಗೆ, ತಾನೇ. "ಹೋಗಿ ಬರ್ರಿ" ಎಂದಳು. ಪೊಲೀಸಪ್ಪ ಆ ಹೊತ್ತಿಗೆ ಓಣಿಯ ಕಡೆ ಮುಖ ತಿರುಗಿಸಿ ಬೀಡಿ ಹಚ್ಚುತ್ತಿದ್ದ. ಅವನಿಗೆ ಗೊತ್ತಾಗಿತ್ತೋ ಇಲ್ಲವೋ ನಾನು ಇವತ್ತಿಗೂ ಆಣೆ ಮಾಡಿ ಹೇಳಲಾರೆ.

ಬಸ್ಸಿನಲ್ಲಿ ಆಪಾ, "ಗುರುತು ಹಿಡದ್ಲೇನು? ಹಿಡೀಲಿಲ್ಲ ಅಲ್ಲಾ?" ಎಂದು ರಾಯಚೂರು ಬರುವವರೆಗೆ ಕೇಳಿದಳು. ಮನೆಗೆ ಬಂದ ಮೇಲೂ ಆ ಕುಂಕುಮವನ್ನು ತೊಳೆಯಲಿಲ್ಲ. ಮುಖವನ್ನು ಸುತ್ತಲೂ ಒರೆಸಿಕೊಂಡಳು, ಹಣೆ ಬಿಟ್ಟು. ಐದನೆಯ ದಿನ ಹೈದರಾಬಾದಿನ ಗಾಡಿ ಹತ್ತಿಸಿ ಬಂದೆ.

ಆ ಶನಿವಾರ ದೇವದುರ್ಗಕ್ಕೆ ಹೋದಾಗ ಖಾಲಾ ನನ್ನ ಕಾಲ ಸಪ್ಪಳ ಕೇಳಿ, "ಗಾಡಿ ಹತ್ತಿದ್ಲೇನು?" ಎಂದಳು. ನಾನು ಚೀಲ ಕೆಳಗಿಟ್ಟು ಹೊರಸಿನ ಪಕ್ಕ ಕೂತೆ.

"ಬಾಗಿಲದಾಗ ಕಾಲು ಇಡೋದ್ರಾಗ ಗೊತ್ತಾತು ಬೇ. ಹೊಟ್ಟ್ಯಾಗ ಹುಟ್ಟಿದಾಕಿ. ಮಗಳೇ ಅಂದಿದ್ರ ಅವನು ಕೇಳತಿದ್ದ. ಮೂವತ್ತು ವರ್ಷ ಆಕಿ ಬಂದ್ರ ಏನು ಮಾತಾಡಬೇಕಂತ ಕೂಡಿಸಿ ಇಟ್ಟಿದ್ದೆ. ಬಂದ್ಲು, ಟೀಚರ್ ಅಂತ ಕರದು ಕಳಿಸಿದೆ. ಅಪ್ಪಿಕೊಳ್ಳಲಿಲ್ಲ. ಅಳಲಿಲ್ಲ. ನನ್ನ ಕೂಸಿಗೆ ಪರರ ಕೂಸಿನಂಗ ಕುಂಕುಮ ಹಚ್ಚಿ ಕಳಿಸಿದೆ."

ನನ್ನಿಂದ ತಡೆಯಲಾಗಲಿಲ್ಲ. ವಿಳಾಸದ ಕಥೆಯನ್ನೆಲ್ಲ ಹೇಳಿದೆ. ನಿನ್ನನ್ನು ಕೇಳದೆ ನನ್ನ ಊರು ಬರೆಸಿದೆ, ದೇವದುರ್ಗ ಎಂದು ಒಂದು ಸಾಲು ಬರೆದಿದ್ದರೆ ಅವಳು ನಿನ್ನ ಪಕ್ಕದಲ್ಲಿ ಒಂದು ತಿಂಗಳು ಮಲಗಿರುತ್ತಿದ್ದಳು, ಮಾಡಿದ್ದುಣ್ಣುತ್ತೇನೆ, ಬೈ ನನಗೆ ಎಂದೆ. ಖಾಲಾ ಗೋಡೆಯ ಕಡೆ ಮುಖ ಮಾಡಿದಳು. ಅವಳಿಗೆ ಸಿಟ್ಟು ಬಂದಿತ್ತು, ಬರಬೇಕಾದದ್ದೇ. ಆಮೇಲೆ, "ನಿನ್ನ ವಿಳಾಸ ಇರಲಿಲ್ಲಂದ್ರ ಕಾಗದಾನೂ ಬರ್ತಿರಲಿಲ್ಲ" ಎಂದಳು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, "ಮುಂದಿನ ಸಲ ದೇವದುರ್ಗ ಅಂತ ಬರಿ" ಎಂದಳು.

ಬೇಸಿಗೆ ಹುಟ್ಟುವ ಮೊದಲೇ ಖಾಲಾ ಹೋದಳು. ಅವಳು ಮಣ್ಣಾದ ಎರಡನೇ ವಾರ ನನ್ನ ಕೋಣೆಗೆ ಆಪಾನ ಕಾಗದ ಬಂತು, ಸಾವಿನ ಸುದ್ದಿ ಗೊತ್ತಾಗುವ ಮೊದಲೇ ಬರೆದದ್ದು. ಮುಂದಿನ ವರ್ಷಕ್ಕೆ ಮತ್ತೆ ಅರ್ಜಿ ಹಾಕುತ್ತೇನೆ, ಈ ಸಲ ಯಾವ ವಿಳಾಸ ಬರೆಯಲಿ ಎಂದು ಕೇಳಿದ್ದಳು. ಅಮ್ಮ ಗುರುತು ಹಿಡಿದಳೇ ಎಂದೂ ಕೇಳಿದ್ದಳು. ನಾನು ಮೂರು ದಿನ ಪೆನ್ನು ಹಿಡಿದು ಕೂತೆ, ಒಂದಕ್ಷರ ಏಳಲಿಲ್ಲ.

ನಾಲ್ಕನೆಯ ದಿನ ಮಾನ್ವಿಯಿಂದ ಅವಳ ತಮ್ಮ ಬಂದ. ಹಾಡಹಗಲು, ಓಣಿಯ ಜನರೆಲ್ಲ ನೋಡುತ್ತಿದ್ದಂತೆ, ನನ್ನ ಕೋಣೆಯ ಮುಂದೆ ಚಪ್ಪಲಿ ಬಿಟ್ಟು ಒಳಗೆ ಬಂದ. "ಅಕ್ಕನ ಕಾಗದ ಬಂದದೇನ್ರಿ?" ಎಂದ. ಕೊಟ್ಟೆ. ಎರಡು ಸಲ ಓದಿದ. "ಅಮ್ಮ ಹೋಗೂ ಮುಂದ ನನಗ ಎಲ್ಲಾ ಹೇಳಿದ್ಲು" ಎಂದ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡ. ಅಷ್ಟು ವರ್ಷ ಅಕ್ಕನಿಗೆ ಒಂದು ಸಾಲೂ ಬರೆಯದವನು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತಾಯಿ ಕಲಿಸಿದ ಅಕ್ಷರದಲ್ಲಿ ಬರೆದ. ಅವನ ಅಕ್ಷರ ಥೇಟ್ ನನ್ನ ಅಕ್ಷರದಂತೆಯೇ ಇತ್ತು. ಮೊದಲು ತನ್ನ ಹೆಸರು, ಮನೆ, ಓಣಿ, ಮಾನ್ವಿ. ಅದರ ಕೆಳಗೆ, ಅಮ್ಮ ನಿನ್ನ ಗುರುತು ಹಿಡಿದಿದ್ದಳು ಎಂದು ಬರೆದ. ಅದರ ಕೆಳಗೆ ಬರೆಯಬೇಕಾದದ್ದನ್ನು ಬರೆಯಲು ಅವನಿಂದಾಗಲಿಲ್ಲ. ಪೆನ್ನನ್ನು ತಿರುಗಿ ನನ್ನ ಕೈಗೆ ಕೊಟ್ಟ.